ಸಂಘದ ಡಿಜಿಟಲ್ ವ್ಯಾಲೆಟ್ ಮತ್ತು ಪಾವತಿ ಲೆಕ್ಕ: ತಂತ್ರಾಂಶ ಮಾಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು



2016ರಲ್ಲಿ ಯುಪಿಐ ಬಂದ ಮೇಲೆ ಸಂತೆಯ ಸೊಪ್ಪಿನ ಅಂಗಡಿಯಲ್ಲೂ ಫೋನಿನಿಂದ ಹಣ ಕೊಡುವುದು ರೂಢಿಯಾಗಿದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಪ್ರಾರಂಭಿಸಿತು. 2022ರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಕೆಲಸಕ್ಕೂ ಮಂಜೂರಾತಿ ದೊರೆಯಿತು. ಹೀಗಾಗಿ ತರಕಾರಿ ಬೆಳೆಗಾರರ ಗುಂಪು, ಬೀಜ ಗೊಬ್ಬರದ ಮಳಿಗೆ ನಡೆಸುವ ರೈತರ ಕಂಪನಿ, ಹಾಲು ಕೊಳ್ಳುವ ಸಣ್ಣ ಸಂಘ ಇವೆಲ್ಲವೂ ತಮ್ಮ ಸದಸ್ಯರ ಲೆಕ್ಕವನ್ನು ಕಂಪ್ಯೂಟರಿಗೆ ತರಲು ಹೊರಟಿವೆ. ಅನೇಕ ಕಡೆ ಊರಿನದೇ ಹುಡುಗ ಅಥವಾ ಹುಡುಗಿ, ಇಂಜಿನಿಯರಿಂಗ್ ಓದಿದವರು, 'ನಾನೇ ಮಾಡಿಕೊಡುತ್ತೇನೆ' ಎಂದು ಮುಂದೆ ಬರುತ್ತಾರೆ. ಸಂತೋಷದ ಸಂಗತಿ. ಆದರೆ ಪರದೆಯ ಮೇಲೆ ಚೆನ್ನಾಗಿ ಕಾಣುವ ತಂತ್ರಾಂಶ ಬೇರೆ, ಹಣದ ಲೆಕ್ಕ ತಪ್ಪದ ತಂತ್ರಾಂಶ ಬೇರೆ. ಈ ಲೇಖನ ಅದನ್ನು ಬರೆಯುವವರಿಗೂ ಹೌದು, ಬರೆಸುವ ನಿರ್ದೇಶಕರಿಗೂ ಹೌದು.

ಮೊದಲು ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಊರಿನ ಹೆಸರು ಬೇಡ. ಒಂದು ಬೆಳೆಗಾರರ ಸಂಘದಲ್ಲಿ ಬಟವಾಡೆಯ ದಿನ ಸುಮಾರು 140 ಸದಸ್ಯರಿಗೆ ಹಣ ಕಳಿಸಬೇಕಾಗಿತ್ತು. ಗುಂಡಿ ಒತ್ತಿದ ಮೇಲೆ ನೆಟ್‌ವರ್ಕ್ ಹೋಯಿತು, ಪರದೆಯ ಮೇಲೆ 'ವಿಫಲ' ಎಂದು ಬಂತು. ಗುಮಾಸ್ತರು ಮತ್ತೆ ಒತ್ತಿದರು. ನಿಜವಾಗಿ ಮೊದಲನೆಯ ಸಲವೇ 23 ಮಂದಿಗೆ ಹಣ ಹೋಗಿತ್ತು. ಅವರಿಗೆಲ್ಲ ಎರಡು ಸಲ ಸಂದಾಯವಾಯಿತು. ತಂತ್ರಾಂಶ ಪ್ರತಿಯೊಬ್ಬರ ಶಿಲ್ಕನ್ನು ಅಳಿಸಿ ಹೊಸ ಅಂಕಿ ಬರೆಯುವ ರೀತಿಯದ್ದಾದ್ದರಿಂದ ಯಾರಿಗೆ ಎರಡು ಸಲ ಹೋಯಿತು ಎಂಬುದು ಸಂಘದ ಲೆಕ್ಕದಲ್ಲಿ ಎಲ್ಲಿಯೂ ಕಾಣಲಿಲ್ಲ. ಬ್ಯಾಂಕಿನ ಪಟ್ಟಿ ತಂದು ಕೈಯಲ್ಲಿ ಗುರುತು ಹಾಕಿ ಹುಡುಕುವುದರೊಳಗೆ ಮೂರು ವಾರ ಕಳೆಯಿತು. ಅಷ್ಟರಲ್ಲಿ ಹಣ ಕಾರ್ಯದರ್ಶಿಯೇ ತಿಂದರು ಎಂಬ ಮಾತು ಊರೆಲ್ಲ ಹಬ್ಬಿತ್ತು. ಒಬ್ಬ ಹೆಣ್ಣುಮಗಳು, ಬೋನಸ್ ಕೊಟ್ಟಿದ್ದಾರೆಂದು ತಿಳಿದು ಆ ಹಣದಲ್ಲಿ ಅಂಗಡಿ ಸಾಲ ತೀರಿಸಿದ್ದರು. ಅವರನ್ನು ಹೇಗೆ ದೂರುವುದು? ಹಣ ಬಹುಮಟ್ಟಿಗೆ ವಾಪಸಾಯಿತು. ಕಾರ್ಯದರ್ಶಿ ಮಾತ್ರ ಆ ವರ್ಷವೇ ಕೆಲಸ ಬಿಟ್ಟರು. ಮುಂದೆ ಹೇಳುವ ಎರಡು ಮೂರು ಕ್ರಮಗಳನ್ನು ಅನುಸರಿಸಿದ್ದರೆ ಇದು ಆಗುತ್ತಿರಲಿಲ್ಲ.

ವ್ಯಾಲೆಟ್‌ನಲ್ಲಿರುವುದು ಹಣವಲ್ಲ

ಫೋನಿನಲ್ಲಿ 'ನಿಮ್ಮ ವ್ಯಾಲೆಟ್‌ನಲ್ಲಿ ರೂ. 2,000' ಎಂದು ಕಾಣುತ್ತದೆ. ಅದು ಹಣವಲ್ಲ, ಇಷ್ಟು ಹಣ ನಿಮಗೆ ಸಲ್ಲಬೇಕು ಎಂಬ ಬರಹ. ನಿಜವಾದ ಹಣ ಬ್ಯಾಂಕಿನಲ್ಲಿ ಸಂಘದ ಖಾತೆಯಲ್ಲಿರುತ್ತದೆ. ಆದ್ದರಿಂದ ಎಲ್ಲ ಸದಸ್ಯರ ವ್ಯಾಲೆಟ್ ಶಿಲ್ಕುಗಳನ್ನು ಕೂಡಿದರೆ ಬರುವ ಮೊತ್ತಕ್ಕೆ ಸಾಟಿಯಾಗುವಷ್ಟು ಹಣ ಬೇರೆ ಯಾವುದಕ್ಕೂ ಬಳಸದೆ ಇರಬೇಕು. ಗೊಬ್ಬರದ ಲಾರಿ ಬಂತೆಂದು ಆ ಹಣದಿಂದ ಬಾಡಿಗೆ ಕೊಟ್ಟರೆ, ಬರಹ ಉಳಿಯುತ್ತದೆ, ಹಣ ಉಳಿಯುವುದಿಲ್ಲ.

ಇಲ್ಲಿ ಕಾನೂನಿನ ಮಾತೂ ಒಂದಿದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯಡಿ ಇಂತಹ ವ್ಯಾಲೆಟ್‌ಗಳ ನಿಯಂತ್ರಣ ರಿಸರ್ವ್ ಬ್ಯಾಂಕಿನದು. ಸಂಸ್ಥೆಯೊಂದು ತನ್ನ ಮಳಿಗೆಯಲ್ಲಿ ತನ್ನದೇ ಸರಕನ್ನು ಕೊಳ್ಳುವುದಕ್ಕೆ ಮಾತ್ರ ಕೊಡುವ, ನಗದಾಗಿ ಹಿಂಪಡೆಯಲು ಬಾರದ ಮುಂಗಡಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅದೇ ವ್ಯಾಲೆಟ್‌ನಿಂದ ಪಕ್ಕದ ಅಂಗಡಿಗೆ ಕೊಡಬಹುದು, ಒಬ್ಬ ಸದಸ್ಯ ಇನ್ನೊಬ್ಬರಿಗೆ ಕಳಿಸಬಹುದು ಎಂದು ಮಾಡಿದ ಕೂಡಲೇ ಅನುಮತಿಯ ಪ್ರಶ್ನೆ ಬರುತ್ತದೆ. ಸಣ್ಣ ಸಂಘಗಳು ಆ ಗೊಡವೆಗೆ ಹೋಗದಿರುವುದು ಲೇಸು. ಸದಸ್ಯರ ಮಾಲಿನ ಹಣ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗಲಿ. ಬೀಜ, ಗೊಬ್ಬರ, ಪಶು ಆಹಾರಕ್ಕಾಗಿ ಅವರು ಕಟ್ಟಿದ ಮುಂಗಡ ಮಾತ್ರ ಸಂಘದ ವ್ಯಾಲೆಟ್‌ನಲ್ಲಿರಲಿ. ಬಡ್ಡಿ ಕೊಟ್ಟು ಠೇವಣಿ ಪಡೆಯುವ ವಿಚಾರ ಬಂದರೆ ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬಾರದು.

ಕಿರ್ದಿ ಮೊದಲು, ಶಿಲ್ಕು ಆಮೇಲೆ

ಹಳೆಯ ಕಾರ್ಯದರ್ಶಿಗಳು ಕಿರ್ದಿ ಬರೆಯುತ್ತಿದ್ದ ಕ್ರಮವನ್ನು ನೀವು ನೋಡಿದ್ದೀರಿ. ದಿನದ ವಹಿವಾಟು ಒಂದರ ಕೆಳಗೊಂದು ಕಿರ್ದಿಗೆ ಇಳಿಯುತ್ತದೆ, ಅಲ್ಲಿಂದ ಖಾತೆ ಪುಸ್ತಕಕ್ಕೆ ಏರುತ್ತದೆ, ಕೊನೆಗೆ ಶಿಲ್ಕು ತೆಗೆಯಲಾಗುತ್ತದೆ. ಬರೆದದ್ದನ್ನು ಯಾರೂ ಅಳಿಸುತ್ತಿರಲಿಲ್ಲ. ಕಂಪ್ಯೂಟರಿನ ಲೆಕ್ಕಕ್ಕೂ ಇದಕ್ಕಿಂತ ಒಳ್ಳೆಯ ಕ್ರಮ ಇನ್ನೂ ಬಂದಿಲ್ಲ. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಪ್ರತಿ ಸದಸ್ಯರ ಎದುರಿಗೆ ಶಿಲ್ಕು ಎಂಬ ಒಂದೇ ಅಂಕಿ ಇಟ್ಟು, ಹಣ ಬಂದಾಗ ಕೂಡಿ ಹೋದಾಗ ಕಳೆದು ತಿದ್ದುತ್ತಾ ಹೋಗುವುದು. ಅಂಕಿ ತಪ್ಪಾದ ದಿನ ಅದು ಯಾವಾಗ ತಪ್ಪಿತು, ಏಕೆ ತಪ್ಪಿತು ಎಂದು ಹೇಳಲು ಏನೂ ಉಳಿದಿರುವುದಿಲ್ಲ.

ಸರಿಯಾದ ಕ್ರಮದಲ್ಲಿ ನಮೂದುಗಳೇ ಮೂಲ, ಶಿಲ್ಕು ಅವುಗಳ ಮೊತ್ತ. ಪ್ರತಿ ವಹಿವಾಟಿಗೂ ಜೋಡಿ ನಮೂದು ಇರಬೇಕು. ಒಂದು ಖಾತೆಗೆ ಜಮೆ, ಇನ್ನೊಂದಕ್ಕೆ ಅಷ್ಟೇ ಖರ್ಚು. ಇಟಲಿಯ ವರ್ತಕರು ಬಳಸುತ್ತಿದ್ದ ಈ ಪದ್ಧತಿಯನ್ನು ಲೂಕಾ ಪಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ. ಐನೂರು ವರ್ಷ ಕಳೆದರೂ ಬ್ಯಾಂಕುಗಳ ಕಂಪ್ಯೂಟರುಗಳೊಳಗೆ ಇರುವುದು ಇದೇ.

ಉದಾಹರಣೆಗೆ ನೀವು ಹದಿನೈದು ದಿನದಲ್ಲಿ ರೂ. 4,860 ಬೆಲೆಯ ಹಾಲು ಹಾಕಿದ್ದೀರಿ, ಸಂಘದಿಂದ ರೂ. 1,300ರ ಪಶು ಆಹಾರ ಒಯ್ದಿದ್ದೀರಿ ಎನ್ನೋಣ. ಹಾಲು ಖರೀದಿ ಖಾತೆಗೆ 4,860 ಖರ್ಚು, ನಿಮ್ಮ ಖಾತೆಗೆ 4,860 ಜಮೆ. ನಿಮ್ಮ ಖಾತೆಗೆ 1,300 ಖರ್ಚು, ಪಶು ಆಹಾರ ಮಾರಾಟ ಖಾತೆಗೆ 1,300 ಜಮೆ. ಉಳಿದ 3,560 ಬ್ಯಾಂಕಿಗೆ ಹೋಗಬೇಕು. ಇಲ್ಲಿ ಅವಸರ ಮಾಡಬಾರದು. ಪಾವತಿ ಆದೇಶ ಕಳಿಸುವಾಗ ನಿಮ್ಮ ಖಾತೆಗೆ 3,560 ಖರ್ಚು ಹಾಕಿ 'ದಾರಿಯಲ್ಲಿರುವ ಪಾವತಿ' ಎಂಬ ಖಾತೆಗೆ ಜಮೆ ಮಾಡಬೇಕು. ಹಣ ಸಂದಿತು ಎಂದು ಬ್ಯಾಂಕು ಖಚಿತಪಡಿಸಿದ ನಂತರವೇ ಆ ಖಾತೆಗೆ ಖರ್ಚು ಹಾಕಿ ಬ್ಯಾಂಕ್ ಖಾತೆಗೆ ಜಮೆ ಮಾಡತಕ್ಕದ್ದು. ದಾರಿಯಲ್ಲಿರುವ ಪಾವತಿ ಖಾತೆಯಲ್ಲಿ ಸಂಜೆ ಏನಾದರೂ ಉಳಿದಿದ್ದರೆ ಯಾರದೋ ಹಣ ಇನ್ನೂ ತಲುಪಿಲ್ಲ ಎಂದರ್ಥ. ಅದು ಯಾರದು ಎಂಬುದೂ ಅಲ್ಲಿಯೇ ಕಾಣುತ್ತದೆ.

ತಪ್ಪು ನಮೂದು ಬಿದ್ದರೆ ಅಳಿಸದೆ, ಅದಕ್ಕೆ ವಿರುದ್ಧವಾದ ನಮೂದನ್ನು ಕಾರಣದೊಡನೆ ಹಾಕಬೇಕು. ನಮೂದನ್ನು ತಿದ್ದುವ, ಅಳಿಸುವ ಅಧಿಕಾರವನ್ನು ಕಿರ್ದಿಯ ಕೋಷ್ಟಕದ ಮೇಲೆ ತಂತ್ರಾಂಶಕ್ಕೇ ಕೊಡದಿರುವಂತೆ ಡೇಟಾಬೇಸಿನಲ್ಲಿ ಏರ್ಪಡಿಸಬಹುದು. ಇದನ್ನು ಬರೆಯುವವರಿಂದ ಕೇಳಿ ಮಾಡಿಸಿಕೊಳ್ಳಿ. 'ಬೇಕಾದರೆ ನಾನು ಹಿಂದಿನಿಂದ ಸರಿಮಾಡಿಕೊಡುತ್ತೇನೆ' ಎಂದು ಅವರು ಹೇಳಿದರೆ ಅದನ್ನು ಅನುಕೂಲವೆಂದು ತಿಳಿಯಬಾರದು.

ಪೈಸೆಯ ಲೆಕ್ಕ

ಕಂಪ್ಯೂಟರು ಎರಡರ ಮಗ್ಗಿಯ ಮೇಲೆ ನಡೆಯುವ ಯಂತ್ರ. ಹತ್ತರಲ್ಲಿ ಒಂದು ಭಾಗ ಎಂಬುದನ್ನು ಅದರ ದ್ವಿಮಾನ ಪದ್ಧತಿಯಲ್ಲಿ ಸರಿಯಾಗಿ ಬರೆಯಲು ಬರುವುದಿಲ್ಲ. ಹಾಗಾಗಿ 0.10ಕ್ಕೆ 0.20 ಕೂಡಿಸಿದರೆ ಅನೇಕ ಕಂಪ್ಯೂಟರ್ ಭಾಷೆಗಳು 0.30000000000000004 ಎಂಬ ಉತ್ತರ ಕೊಡುತ್ತವೆ. ಒಂದು ಸಲಕ್ಕೆ ಇದು ಲೆಕ್ಕಕ್ಕೇ ಬಾರದ್ದು. ಸಾವಿರಾರು ನಮೂದುಗಳಾದ ಮೇಲೆ ಜಮೆಯೂ ಖರ್ಚೂ ಸರಿದೂಗದೆ ಲೆಕ್ಕ ತಾಳೆಯಾಗುವುದಿಲ್ಲ. ಪರಿಹಾರ ಸುಲಭ. ರೂಪಾಯಿಯಲ್ಲಿ ಬರೆಯದೆ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡುವುದು. ರೂ. 412.50 ಎಂಬುದು ಒಳಗೆ 41250 ಆಗಿರುತ್ತದೆ, ಚೀಟಿಯಲ್ಲಿ ಮುದ್ರಿಸುವಾಗ ಮಾತ್ರ ಚುಕ್ಕಿ ಬರುತ್ತದೆ.

ಅರ್ಧ ಪೈಸೆಯ ಪ್ರಶ್ನೆ ಇನ್ನೊಂದು. 7.3 ಲೀಟರ್ ಹಾಲಿಗೆ ಲೀಟರಿಗೆ ರೂ. 36.85ರಂತೆ ರೂ. 269.005 ಆಗುತ್ತದೆ. ಇದನ್ನು 269.00 ಎನ್ನುವುದೋ 269.01 ಎನ್ನುವುದೋ? ಪ್ರತಿ ಹೊತ್ತಿನ ಹಾಲಿಗೂ ಹೀಗೆ ಪೂರ್ಣಗೊಳಿಸಿದರೆ ಹದಿನೈದು ದಿನದ 30 ಹೊತ್ತಿಗೆ ಹೆಚ್ಚೆಂದರೆ 15 ಪೈಸೆಯ ವ್ಯತ್ಯಾಸ ಬರಬಹುದು. ಹಣ ದೊಡ್ಡದಲ್ಲ. ಆದರೆ ಒಬ್ಬರ ಚೀಟಿಯಲ್ಲಿ ಒಂದು ಬಗೆ, ಸಂಘದ ಪಟ್ಟಿಯಲ್ಲಿ ಇನ್ನೊಂದು ಬಗೆ ಬಂದರೆ ಜಗಳಕ್ಕೆ 15 ಪೈಸೆ ಸಾಕು. ಆದ್ದರಿಂದ ಎಲ್ಲಿ, ಹೇಗೆ ಪೂರ್ಣಗೊಳಿಸಬೇಕೆಂಬ ನಿಯಮವನ್ನು ಆಡಳಿತ ಮಂಡಳಿ ಠರಾವು ಮಾಡಿ ತಂತ್ರಾಂಶ ಬರೆಯುವವರಿಗೆ ಕೊಡಬೇಕು, ಅವರ ಇಷ್ಟಕ್ಕೆ ಬಿಡಬಾರದು. ರೂ. 100ನ್ನು ಮೂವರಿಗೆ ಹಂಚಿದರೆ ತಲಾ 33.33ರಂತೆ 99.99 ಆಗಿ ಒಂದು ಪೈಸೆ ಉಳಿಯುತ್ತದೆ. ಆ ಒಂದು ಪೈಸೆಗೂ ಒಂದು ಖಾತೆ ಬೇಕು.

ಎರಡು ಸಲ ಒತ್ತಿದರೂ ಒಂದೇ ಸಲ ಪಾವತಿ

ಮೇಲೆ ಹೇಳಿದ ಸಂಘದಲ್ಲಿ ನಡೆದದ್ದು ಏನೆಂದು ಈಗ ನೋಡೋಣ. ಮಗನ ಕೈಯಲ್ಲಿ ಹಣ ಕೊಟ್ಟು ಪೇಟೆಯಿಂದ ಔಷಧ ತರಲು ಕಳಿಸಿದ್ದೀರಿ. ಸಂಜೆಯಾದರೂ ಅವನು ಬಂದಿಲ್ಲ. ಅವನು ಅಂಗಡಿಗೆ ತಲುಪದೇ ಇರಬಹುದು. ಕೊಂಡು, ಬಸ್ಸು ಸಿಗದೆ ನಿಂತಿರಬಹುದು. ಅಂಗಡಿಯಲ್ಲಿ ಇನ್ನೂ ಕಾಯುತ್ತಿರಬಹುದು. ಮೂರರಲ್ಲಿ ಯಾವುದೆಂದು ತಿಳಿಯದೆ ಇನ್ನೊಬ್ಬನ ಕೈಯಲ್ಲಿ ಮತ್ತೆ ಹಣ ಕೊಟ್ಟು ಕಳಿಸುತ್ತೀರಾ? ನೆಟ್‌ವರ್ಕ್ ಹೋದಾಗ ಕಂಪ್ಯೂಟರಿನ ಸ್ಥಿತಿಯೂ ಇದೇ. ಉತ್ತರ ಬರಲಿಲ್ಲ ಎಂದರೆ ವಿಫಲವಾಯಿತು ಎಂದಲ್ಲ, ಏನಾಯಿತೆಂದು ತಿಳಿದಿಲ್ಲ ಎಂದಷ್ಟೇ. ಆದ್ದರಿಂದ ಪಾವತಿಗೆ 'ಆಯಿತು', 'ಆಗಲಿಲ್ಲ' ಎಂಬ ಎರಡರ ಜೊತೆಗೆ 'ತೀರ್ಮಾನವಾಗಿಲ್ಲ' ಎಂಬ ಮೂರನೆಯ ಸ್ಥಿತಿಯನ್ನು ತಂತ್ರಾಂಶದಲ್ಲಿ ಇಡಲೇಬೇಕು.

ಎರಡನೆಯದಾಗಿ, ಪ್ರತಿ ಪಾವತಿಗೂ ಕಳಿಸುವ ಮೊದಲೇ ಒಂದು ಸಂಖ್ಯೆ ಕೊಟ್ಟು ಡೇಟಾಬೇಸಿನಲ್ಲಿ ಬರೆದಿಡಬೇಕು. ಮತ್ತೆ ಕಳಿಸುವ ಸಂದರ್ಭ ಬಂದರೆ ಹೊಸ ಸಂಖ್ಯೆ ಹುಟ್ಟಿಸಬಾರದು, ಅದೇ ಸಂಖ್ಯೆಯೊಡನೆ ಕಳಿಸಬೇಕು. ಒಮ್ಮೆ ನೆರವೇರಿದ ಸಂಖ್ಯೆ ಎರಡನೆಯ ಸಲ ಬಂದರೆ ಹಣ ಕಳಿಸದೆ ಮೊದಲಿನ ಉತ್ತರವನ್ನೇ ಹಿಂದಿರುಗಿಸುವಂತೆ ಬರೆಯಬೇಕು. ಒಂದೇ ಸಂಖ್ಯೆಯ ಎರಡು ಸಾಲುಗಳನ್ನು ಒಪ್ಪಿಕೊಳ್ಳಬೇಡ ಎಂದು ಡೇಟಾಬೇಸಿಗೇ ಕಟ್ಟುಪಾಡು ಹಾಕುವ ಅನುಕೂಲ ಇದೆ. ಗುಮಾಸ್ತರ ಎಚ್ಚರಿಕೆಯನ್ನು ನಂಬುವುದಕ್ಕಿಂತ ಇದನ್ನು ನಂಬುವುದು ಮೇಲು. ಬಟವಾಡೆಯ ದಿನ ಮುಂದೆ ನೂರು ಜನ ನಿಂತಿರುವಾಗ ಯಾರ ಕೈಯಾದರೂ ಎರಡು ಸಲ ಒತ್ತುತ್ತದೆ.

ನಿಮ್ಮ ಫೋನಿನಿಂದ ಯುಪಿಐ ಮಾಡುವಾಗಲೂ ಈ ಮಾತು ನೆನಪಿನಲ್ಲಿರಲಿ. ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಇನ್ನೊಬ್ಬ ವ್ಯಕ್ತಿಯ ಖಾತೆಗೆ ಸೇರದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಬ್ಯಾಂಕು ಮರುದಿನದೊಳಗೆ ತಾನಾಗಿ ಹಣ ಹಿಂದಿರುಗಿಸಬೇಕು. ತಪ್ಪಿದರೆ ದಿನಕ್ಕೆ ರೂ. 100ರಂತೆ ಪರಿಹಾರ ಕೊಡಬೇಕು. ಅಂಗಡಿಗೆ ಮಾಡಿದ ಪಾವತಿಯಾದರೆ ಐದು ದಿನದ ಗಡುವು ಇದೆ.

ಇಬ್ಬರು ಒಟ್ಟಿಗೆ ಬಂದಾಗ

ನಿಮ್ಮ ವ್ಯಾಲೆಟ್‌ನಲ್ಲಿ ರೂ. 1,000 ಇದೆ. ಗೊಬ್ಬರದ ಮಳಿಗೆಯಲ್ಲಿ ನೀವು ರೂ. 700ರ ಬೀಜ ಕೊಳ್ಳುತ್ತಿದ್ದೀರಿ. ಅದೇ ಗಳಿಗೆಯಲ್ಲಿ ಇನ್ನೊಂದು ಕೇಂದ್ರದಲ್ಲಿ ನಿಮ್ಮ ಮಗ ರೂ. 800ರ ಹಿಂಡಿ ಕೊಳ್ಳುತ್ತಿದ್ದಾನೆ. ಎರಡೂ ಕಡೆ ತಂತ್ರಾಂಶ ಶಿಲ್ಕು ನೋಡುತ್ತದೆ, ಎರಡೂ ಕಡೆ 1,000 ಕಾಣುತ್ತದೆ, ಎರಡನ್ನೂ ಒಪ್ಪಿಕೊಳ್ಳುತ್ತದೆ. ನಿಮ್ಮ ಖಾತೆ ರೂ. 500ರಷ್ಟು ಬಾಕಿಗೆ ಇಳಿಯುತ್ತದೆ. ಒಂದೇ ಕಾಲುವೆಯ ನೀರನ್ನು ಮೇಲಿನ ತೂಬಿನವರೂ ಕೆಳಗಿನ ತೂಬಿನವರೂ ತಮ್ಮದೆಂದು ಲೆಕ್ಕ ಹಾಕಿದ ಹಾಗೆ. ಇದನ್ನು ತಪ್ಪಿಸಲು ಶಿಲ್ಕು ನೋಡುವುದು ಮತ್ತು ನಮೂದು ಬರೆಯುವುದು ಎರಡನ್ನೂ ಒಂದೇ ಕಟ್ಟಿನಲ್ಲಿ ಸೇರಿಸಬೇಕು. ಒಬ್ಬರ ಕೆಲಸ ಮುಗಿಯುವ ತನಕ ಆ ಖಾತೆಗೆ ಬೀಗ ಬಿದ್ದಿರಬೇಕು. ಕಟ್ಟಿನಲ್ಲಿರುವ ಎಲ್ಲ ನಮೂದುಗಳೂ ಬೀಳಬೇಕು, ಇಲ್ಲವೇ ಒಂದೂ ಬೀಳಬಾರದು. ಅರ್ಧಕ್ಕೆ ಕರೆಂಟು ಹೋದರೂ ಇದು ನಿಲ್ಲಬೇಕು.

ಪೋಸ್ಟ್‌ಗ್ರೆಸ್ ಮುಂತಾದ ಒಳ್ಳೆಯ ಡೇಟಾಬೇಸುಗಳು ಈ ಕೆಲಸವನ್ನು ತಾವೇ ಮಾಡುತ್ತವೆ, ಹಣವನ್ನೂ ಕೇಳುವುದಿಲ್ಲ. ಅವು ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದು ನಂತರ ಮುಖ್ಯ ಕಡತಕ್ಕೆ ಇಳಿಸುತ್ತವೆ. ನಡುವೆ ಯಂತ್ರ ನಿಂತರೆ, ಮತ್ತೆ ಚಾಲೂ ಆದಾಗ ದಿನಚರಿಯನ್ನು ಓದಿ ಸರಿಪಡಿಸಿಕೊಳ್ಳುತ್ತವೆ. ಕಿರ್ದಿ ಬರೆದು ಆಮೇಲೆ ಖಾತೆಗೆ ಏರಿಸುವ ಅದೇ ಕ್ರಮ ಇದು. ಎಕ್ಸೆಲ್ ಹಾಳೆಯಲ್ಲಿ ಹಣದ ಲೆಕ್ಕ ಇಡುವ ಸಂಘಗಳಿಗೆ ಈ ರಕ್ಷಣೆ ಯಾವುದೂ ಇರುವುದಿಲ್ಲ.

ದಿನದ ತಾಳೆ

ಎಷ್ಟೇ ಚೆನ್ನಾಗಿ ಬರೆದ ತಂತ್ರಾಂಶವಾದರೂ ಪ್ರತಿದಿನ ಬ್ಯಾಂಕಿನ ಪಟ್ಟಿಯೊಡನೆ ತಾಳೆ ನೋಡತಕ್ಕದ್ದು. ಯುಪಿಐ ಪಾವತಿಗೆ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ನೆಫ್ಟ್ ಮೂಲಕ ಹೋದದ್ದಕ್ಕೂ ಅದರದೇ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಎರಡು ಪಟ್ಟಿಗಳನ್ನು ಹೋಲಿಸಿದರೆ ಕೆಲವು ಎರಡರಲ್ಲೂ ಸಿಗುತ್ತವೆ, ಕೆಲವು ನಮ್ಮಲ್ಲಿದ್ದು ಬ್ಯಾಂಕಿನಲ್ಲಿರುವುದಿಲ್ಲ, ಕೆಲವು ಬ್ಯಾಂಕಿನಲ್ಲಿದ್ದು ನಮ್ಮಲ್ಲಿರುವುದಿಲ್ಲ. ಕೊನೆಯದು ಯಾರು ಕಟ್ಟಿದ್ದೆಂದು ತಿಳಿಯುವ ತನಕ ಅಮಾನತು ಖಾತೆಯಲ್ಲಿರಲಿ. ಊಹೆಯಿಂದ ಯಾರದೋ ಖಾತೆಗೆ ಹಾಕಬಾರದು.

ಹಣ ಬಂದಿದೆ ಎಂದು ಬ್ಯಾಂಕಿನಿಂದ ತಂತ್ರಾಂಶಕ್ಕೆ ಬರುವ ಸೂಚನೆ ಕೆಲವೊಮ್ಮೆ ಎರಡು ಸಲ ಬರುತ್ತದೆ, ತಡವಾಗಿ ಬರುತ್ತದೆ, ಹಿಂದುಮುಂದಾಗಿ ಬರುತ್ತದೆ. ಬೇರೆಯವರು ಅದೇ ರೂಪದ ಸುಳ್ಳು ಸೂಚನೆ ಕಳಿಸುವುದೂ ಸಾಧ್ಯ. ಆದ್ದರಿಂದ ಅದರ ಜೊತೆಗಿರುವ ಗುಪ್ತ ಸಹಿಯನ್ನು ಪರೀಕ್ಷಿಸಿ, ಸಂಖ್ಯೆ ಮೊದಲೇ ನಮೂದಾಗಿದೆಯೇ ಎಂದು ನೋಡಿ, ಆಮೇಲೆ ಜಮೆ ಮಾಡಬೇಕು. ಸದಸ್ಯರು ತೋರಿಸುವ ಫೋನಿನ ಚಿತ್ರವನ್ನು ರಸೀದಿಯೆಂದು ಎಂದಿಗೂ ಒಪ್ಪಬಾರದು. ಇದು ಸದಸ್ಯರ ಮೇಲಿನ ಅಪನಂಬಿಕೆಯಲ್ಲ. ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು, ಬ್ಯಾಂಕಿನ ಪಟ್ಟಿಯನ್ನು ಬರೆಯಲಾಗದು.

ಕೀಲಿಕೈ ಯಾರ ಕೈಯಲ್ಲಿ?

ಚೆಕ್ಕಿಗೆ ಅಧ್ಯಕ್ಷರದೂ ಕಾರ್ಯದರ್ಶಿಯದೂ ಎರಡು ಸಹಿ ಕೇಳುವ ಸಂಘ, ಕಂಪ್ಯೂಟರಿನಲ್ಲಿ ಒಬ್ಬರೇ ಲಕ್ಷಾಂತರ ರೂಪಾಯಿ ಕಳಿಸುವಂತೆ ಬಿಟ್ಟಿರುವುದು ಹಲವು ಕಡೆ ಕಂಡುಬಂದಿದೆ. ಪಾವತಿ ಪಟ್ಟಿ ತಯಾರಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಆಗಿರಬೇಕು. ಇಬ್ಬರ ಪಾಸ್‌ವರ್ಡ್‌ಗಳೂ ಒಂದೇ ಚೀಟಿಯಲ್ಲಿ ಗೋಡೆಗೆ ಅಂಟಿಸಿರಬಾರದು. ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆ ಬದಲಾಯಿಸಬೇಕಾದರೆ ಅವರನ್ನು ಕರೆದು ಕೇಳಿ, ಹಳೆಯ ಫೋನ್ ಸಂಖ್ಯೆಗೂ ಸಂದೇಶ ಕಳಿಸಿ, ಒಂದು ದಿನ ಬಿಟ್ಟು ಜಾರಿಗೆ ತರಬೇಕು. ಕಳ್ಳರು ಹುಡುಕುವುದು ಈ ಬಾಗಿಲನ್ನೇ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದನ್ನು ಮನೆಯವರಿಗೆಲ್ಲ ಹೇಳಿ. ಮೋಸವಾಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಹೋಗುತ್ತದೆ.

ಲೆಕ್ಕದ ನಕಲನ್ನು ಪ್ರತಿ ರಾತ್ರಿ ಬೇರೆ ಊರಿನ ಯಂತ್ರಕ್ಕೆ ಕಳಿಸುವ ಏರ್ಪಾಡು ಎಲ್ಲರೂ ಮಾಡುತ್ತಾರೆ. ಆ ನಕಲಿನಿಂದ ಲೆಕ್ಕ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ನೋಡುವವರು ಕಡಿಮೆ. ಬಿತ್ತುವ ಮುಂಚೆ ನೂರು ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು ಮೊಳಕೆ ಎಣಿಸುವುದಿಲ್ಲವೇ? ಹಾಗೆಯೇ ಮೂರು ತಿಂಗಳಿಗೊಮ್ಮೆ ನಕಲನ್ನು ಖಾಲಿ ಯಂತ್ರವೊಂದರಲ್ಲಿ ತೆರೆದು, ಒಟ್ಟು ಶಿಲ್ಕು ಸರಿಬರುತ್ತದೆಯೇ ಎಂದು ಪರೀಕ್ಷಿಸಬೇಕು.

ಆರಂಭಿಸುವ ಕ್ರಮ

ತಂತ್ರಾಂಶ ಸಿದ್ಧವಾಯಿತೆಂದು ಹೇಳಿದ ದಿನ ಹಾರ ಹಾಕಿ ಉದ್ಘಾಟಿಸಬೇಡಿ. ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲ್ಪನಿಕ ಹಣದಿಂದ ಪರೀಕ್ಷಿಸಿ. ಪಾವತಿಯ ಮಧ್ಯದಲ್ಲಿ ನೆಟ್‌ವರ್ಕಿನ ತಂತಿ ಕೀಳಿ. ಗುಂಡಿಯನ್ನು ಬೇಕೆಂದೇ ಐದು ಸಲ ಒತ್ತಿ. ಇಬ್ಬರನ್ನು ಎರಡು ಕಡೆ ಕೂರಿಸಿ ಒಂದೇ ಖಾತೆಯಿಂದ ಒಟ್ಟಿಗೆ ಕೊಳ್ಳಲು ಹೇಳಿ. ಪ್ರತಿ ಸಲವೂ ಎಲ್ಲ ಜಮೆಗಳ ಮೊತ್ತ, ಎಲ್ಲ ಖರ್ಚುಗಳ ಮೊತ್ತ ಸಮವಾಗಿದೆಯೇ ನೋಡಿ. ಒಮ್ಮೆಯಾದರೂ ತಪ್ಪಿದರೆ ಹಿಂದಕ್ಕೆ ಕಳಿಸಿ.

ನಂತರ ಎರಡು ಬಟವಾಡೆಗಳ ಕಾಲ ಹಳೆಯ ಪುಸ್ತಕವನ್ನೂ ಹೊಸ ತಂತ್ರಾಂಶವನ್ನೂ ಜೊತೆಯಾಗಿ ನಡೆಸಬೇಕು. ಗುಮಾಸ್ತರಿಗೆ ಇದು ಎರಡು ಪಟ್ಟು ಕೆಲಸ. ಆ ಒಂದು ತಿಂಗಳಿಗೆ ಅವರಿಗೆ ಸಂಭಾವನೆ ಕೊಡುವುದು ನ್ಯಾಯ. ಹಳೆಯ ಪುಸ್ತಕದ ಆಖೈರು ಶಿಲ್ಕನ್ನು ಹೊಸದರ ಆರಂಭಿಕ ಶಿಲ್ಕಾಗಿ ಹಾಕುವ ಮುನ್ನ ಪ್ರತಿ ಸದಸ್ಯರಿಗೂ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಸ್ಮಾರ್ಟ್‌ಫೋನ್ ಇಲ್ಲದವರು ಎಲ್ಲ ಸಂಘದಲ್ಲೂ ಇರುತ್ತಾರೆ, ಹೆಚ್ಚಾಗಿ ವಯಸ್ಸಾದವರು ಮತ್ತು ಹೆಂಗಸರು. ಅವರಿಗೆ ಪ್ರತಿ ಬಟವಾಡೆಗೂ ಕನ್ನಡದಲ್ಲಿ ಮುದ್ರಿಸಿದ ಚೀಟಿ ಕೊಡಬೇಕು. ಅದರಲ್ಲಿ ಹಿಂದಿನ ಶಿಲ್ಕು, ಹಾಕಿದ ಮಾಲು, ಮುರಿದುಕೊಂಡದ್ದು, ಕಳಿಸಿದ್ದು, ಪಾವತಿ ಸಂಖ್ಯೆ ಇಷ್ಟು ಇರಲಿ. ಪಾವತಿ ಸಂಖ್ಯೆಯನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿಸಿ. ಹಣ ಬರಲಿಲ್ಲವೆಂದು ಆ ಚೀಟಿ ಹಿಡಿದು ಬ್ಯಾಂಕಿಗೆ ಹೋದವರಿಗೆ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.